ಅಪ್‌ಡೇಟ್: ಗೇಮ್ ತಮ್ಮನ ಲ್ಯಾಪ್‌ಟಾಪ್‌ಗೆ ಹೋಯ್ತು

ನನ್ನ ಪಿಸಿಯಲ್ಲಿರೋ ಸ್ಟೀಮ್ (ಕಂಪ್ಯೂಟರ್ ಗೇಮ್ ಕೊಂಡು ಡೌನ್‌ಲೋಡ್ ಮಾಡೋ ಆ್ಯಪ್) ಗೇಮನ್ನ ಮತ್ತೆ ಡೌನ್‌ಲೋಡ್ ಮಾಡದೆ ತಮ್ಮನ ಲ್ಯಾಪ್‌ಟಾಪ್‌ಗೆ ಹಾಕೋದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಉತ್ತರ ಕೊಟ್ಟೋರಿಗೆಲ್ಲ ಥ್ಯಾಂಕ್ಸ್.

ಮೊದಲು ಪೆನ್‌ಡ್ರೈವ್ ದಾರಿ ನೋಡಿದ್ವಿ. ಅದು ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿತ್ತು, ಅದರಲ್ಲಿ 4 ಜಿಬಿ ದಾಟಿದ ಫೈಲ್ ಹಿಡಿಸಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ್ರೆ ಆಗ್ತಿತ್ತು, ಆದ್ರೆ ಹಾಗೆ ಮಾಡಿದ್ರೆ ಇರೋದೆಲ್ಲ ಅಳಿಸಿಹೋಗುತ್ತೆ, ಅದರೊಳಗೆ ಅಕ್ಕನ ಮದುವೆ ಫೋಟೋ ಇತ್ತು, ಯಾರು ಕೈ ಹಾಕ್ತಾರೆ!

ಕೊನೆಗೆ ಕೈಹಿಡಿದಿದ್ದು 2023ರಲ್ಲಿ ಸ್ಟೀಮ್‌ಗೆ ಬಂದ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್, ಅಂದ್ರೆ ಮನೆ ನೆಟ್‌ವರ್ಕ್‌ನಲ್ಲೇ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಗೇಮ್ ಕಳಿಸೋದು. ಎರಡೂ ಒಂದೇ ರೂಟರ್‌ನಲ್ಲಿರಬೇಕು, ಸ್ಟೀಮ್ ಲಾಗಿನ್ ಆಗಿರಬೇಕು, ಗೇಮ್ ತಮ್ಮನ ಅಕೌಂಟ್‌ನಲ್ಲೂ ಇರಬೇಕು. ನನ್ನ ಡೌನ್‌ಲೋಡ್ ಸೆಟ್ಟಿಂಗ್ಸ್‌ನಲ್ಲಿ ಫ್ರೆಂಡ್ಸ್‌ಗೆ ಅನುಮತಿ ಕೊಟ್ಟೆ, ಅವನು ಇನ್‌ಸ್ಟಾಲ್ ಒತ್ತಿದ, ಅಷ್ಟೇ. ವೈಫೈ ಬದಲು ಲ್ಯಾನ್ ಕೇಬಲ್ ಚುಚ್ಚಿದ್ಮೇಲೆ ವೇಗ ನೋಡಬೇಕಿತ್ತು.

ಇನ್ನೊಂದು ಪ್ರಶ್ನೆ, ಚಿಕ್ಕ ಅಪ್‌ಡೇಟ್‌ಗೂ ಯಾಕಷ್ಟು ಹೊತ್ತು ಅನ್ನೋದು. ಸ್ಟೀಮ್ ಫೈಲ್‌ಗಳನ್ನ ಸುಮಾರು 1 ಎಂಬಿ ತುಂಡುಗಳಾಗಿ ಒಡೆದಿಟ್ಟು, ಬದಲಾದ ತುಂಡನ್ನಷ್ಟೇ ಕಳಿಸುತ್ತೆ. ಆದ್ರೆ ಆ ತುಂಡು ದೊಡ್ಡ ಫೈಲ್‌ನೊಳಗಿದ್ರೆ ಇಡೀ ಫೈಲನ್ನ ಡಿಸ್ಕಲ್ಲಿ ಹೊಸದಾಗಿ ಕಟ್ಟಬೇಕು. ತಮ್ಮನದು ಹಳೇ ಹಾರ್ಡ್‌ಡಿಸ್ಕ್, ಅದಕ್ಕೇ ನಿಧಾನ. ಡೌನ್‌ಲೋಡ್ ಪುಟದಲ್ಲಿ ನೆಟ್‌ನ ನೀಲಿ ಪಟ್ಟಿ ಸೊನ್ನೆ, ಡಿಸ್ಕಿನ ಹಸಿರು ಗೆರೆ ಮಾತ್ರ ಕುಣೀತಿತ್ತು. ಜಾಗವೂ ಹಾಗೇ, ಅಪ್‌ಡೇಟ್‌ನ ಗಾತ್ರಕ್ಕಿಂತ ಎಷ್ಟೋ ಜಾಸ್ತಿ ಖಾಲಿ ಕೇಳುತ್ತೆ. ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡಿಸ್ಕ್) ಕೊಡಿಸು ಅಂತ ಈಗ ಅವನ ವರಾತ ಶುರುವಾಗಿದೆ.