ಓದುಗರ ಸ್ಪಂದನ: ‘ಪಕ್ಷದೊಳಗಿದ್ದು ಕೇಳಲೋ, ಹೊರಗೆ ಬಂದು ಕೇಳಲೋ?’

ಕಳೆದ ತಿಂಗಳು ಬಸವನಗುಡಿಯ ಓದುಗರೊಬ್ಬರು ತಮ್ಮ ಇಕ್ಕಟ್ಟನ್ನು ಬರೆದಿದ್ದರು. ಅವರ ಕೋರಿಕೆಯಂತೆ ‘ಎನ್.’ ಎಂದಷ್ಟೇ ಕರೆಯೋಣ. ವಯಸ್ಸು 34. ಸಂಪ್ರದಾಯನಿಷ್ಠ ಪಕ್ಷವೊಂದರ ವಾರ್ಡ್ ಸಮಿತಿಯಲ್ಲಿ ಎಂಟು ವರ್ಷದಿಂದ ಪದಾಧಿಕಾರಿ. ತಾವು ಸಲಿಂಗಿ ಎಂಬುದು ಸಂಗಾತಿಗೆ ಮತ್ತು ನಾಲ್ಕೈದು ಸ್ನೇಹಿತರಿಗೆ ಮಾತ್ರ ಗೊತ್ತು. ಸಲಿಂಗಿಗಳ ಹಕ್ಕಿನ ಬಗ್ಗೆ ಪಕ್ಷ ಒಂದು ನಿರ್ಣಯವನ್ನಾದರೂ ಮಾಡಲಿ ಎಂದಾಗ ಅಧ್ಯಕ್ಷರು ‘ಚುನಾವಣೆ ಮುಗೀಲಿ, ನೋಡೋಣ’ ಎಂದರಂತೆ. ಹೊರಗಿನ ಗೆಳೆಯರು ‘ಅಲ್ಲಿ ನಿನಗೇನು ಕೆಲಸ’ ಅನ್ನುತ್ತಾರಂತೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬೈಗುಳ ಮಾತ್ರ ಇದ್ದವನ್ನು ಬಿಟ್ಟಿದ್ದೇವೆ. ಅವು ಎರಡೂ ಕಡೆಯಿಂದ ಬಂದಿದ್ದವು.

ಮೊದಲಿಗೆ ಚಿಕ್ಕದೊಂದು.

*

ಯಾವ ಚುನಾವಣೆ ಸ್ವಾಮಿ? ಈ ಊರಿನ ಪಾಲಿಕೆಗೆ 2015ರಲ್ಲಿ ಚುನಾವಣೆ ಆಯಿತು, ಗೆದ್ದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇಷ್ಟು ಗೊತ್ತಿದ್ದೂ ಆ ಮಾತಿಗೆ ತಲೆಯಾಡಿಸಿ ಬಂದಿರಲ್ಲ, ತಪ್ಪು ನಿಮ್ಮದು. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ. ಬರೆದು ಕೊಡಿ, ನಕಲಿನ ಮೇಲೆ ಸ್ವೀಕೃತಿ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ.

– ರಾಜಾಜಿನಗರದ ಓದುಗ

*

ಮುಂದಿನ ಪತ್ರ ನಮ್ಮ ಮಿತಿಯನ್ನು ಬಹಳ ಮೀರಿತ್ತು. ಆದರೂ ಹೆಚ್ಚು ಕತ್ತರಿಸಲು ಮನಸ್ಸಾಗಲಿಲ್ಲ.

*

ಎನ್. ಅವರೇ, ನಿಮ್ಮ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದು ಬರೆಯಲಾರೆ, ಬರೆದರೂ ನಿಮಗದರಿಂದ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ನಿರ್ಣಯಗಳು ಮತಕ್ಕೆ ಬರುವ ಮೊದಲೇ, ಕಾರ್ಯಸೂಚಿಯಲ್ಲೇ ಸಾಯುತ್ತವೆ. ಅನುಭವವಿಲ್ಲದವರು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಬರುವ ತನಕ ಕಾದು ಎದ್ದು ನಿಲ್ಲುತ್ತಾರೆ. ಅಷ್ಟೊತ್ತಿಗೆ ಒಳಗಿನಿಂದ ಉಪ್ಪಿಟ್ಟಿನ ವಾಸನೆ ಬಂದಿರುತ್ತದೆ, ಅರ್ಧ ಜನ ಬಾಗಿಲಲ್ಲಿರುತ್ತಾರೆ, ಅಧ್ಯಕ್ಷರು ‘ಒಳ್ಳೆಯ ವಿಚಾರ, ಮುಂದಿನ ಸಭೆಗೆ’ ಎಂದು ವಂದನಾರ್ಪಣೆಗೆ ಹೋಗುತ್ತಾರೆ. ನಡಾವಳಿಯಲ್ಲಿ ಒಂದು ಸಾಲೂ ಬರುವುದಿಲ್ಲ. ಸಭೆಗೆ ಹತ್ತು ದಿನ ಮೊದಲೇ ಪ್ರಧಾನ ಕಾರ್ಯದರ್ಶಿಗೆ ಬರೆದು ಕೊಟ್ಟು, ಕ್ರಮಸಂಖ್ಯೆಯಿರುವ ವಿಷಯವಾಗಿ ಸೇರಿಸಿ. ಮೂರನೆಯದೋ ನಾಲ್ಕನೆಯದೋ ಆಗಿರಲಿ. ಮೊದಲನೆಯದಾದರೆ ಎಲ್ಲರ ಕಣ್ಣೂ ಅದರ ಮೇಲೇ.

ಸೂಚಕರೊಬ್ಬರು, ಅನುಮೋದಕರೊಬ್ಬರು ಬೇಕು. ಎರಡರಲ್ಲೂ ನಿಮ್ಮ ಹೆಸರು ಬೇಡ. ಇದು ಹೇಡಿತನ ಅನ್ನಿಸಬಹುದು. ಆದರೆ ‘ನಿಂಗ್ಯಾಕಪ್ಪಾ ಇದು’ ಎಂದು ಕೇಳುವ ಅವಕಾಶ ಸಭೆಗೆ ಸಿಕ್ಕಿತೆಂದರೆ ವಿಷಯ ಅಲ್ಲಿಗೇ ಮುಗಿಯಿತು, ಮಿಕ್ಕ ಚರ್ಚೆಯೆಲ್ಲ ನಿಮ್ಮ ಮೇಲೆ. ಬಡಾವಣೆಯ ಹಿರಿಯ ಡಾಕ್ಟರು ಅಥವಾ ನಿವೃತ್ತ ಮೇಷ್ಟ್ರು ಸೂಚಕರಾಗಲಿ, ಮಹಿಳಾ ಘಟಕದ ಒಬ್ಬ ತಾಯಿ ಅನುಮೋದಿಸಲಿ. ಸಭೆಯ ಮೊದಲು ಐದಾರು ಮಂದಿಯ ಮನೆಗೆ ಒಬ್ಬೊಬ್ಬರಾಗಿ ಹೋಗಿ ಮಾತಾಡಿ. ಗುಂಪಿನಲ್ಲಿ ಒಪ್ಪದವರು ಕಾಫಿ ಮುಂದೆ ಒಪ್ಪುತ್ತಾರೆ. ಕಡೇಪಕ್ಷ ವಿರೋಧಿಸುವುದಿಲ್ಲ ಅನ್ನುತ್ತಾರೆ, ಅಷ್ಟು ಸಾಕು.

ಕರಡು ಒಂದು ಪುಟ ದಾಟಬಾರದು. ಮೊದಲ ಪ್ಯಾರಾದಲ್ಲಿ ನಿಮ್ಮ ಕಡೆಯವರೇ ಆಡಿದ ಮಾತು ಇರಲಿ. ನಿಮ್ಮ ಪಕ್ಷ ಯಾವುದೆಂದು ನೀವು ಬರೆದಿಲ್ಲ. ನನ್ನ ಊಹೆ ಸರಿಯಿದ್ದರೆ, ಇಂಥವರು ಸಮಾಜದಲ್ಲಿ ಮೊದಲಿಂದಲೂ ಇದ್ದಾರೆ, ಅವರಿಗೂ ಅವರದೇ ಖಾಸಗಿ ಜಾಗ ಬೇಕು ಎಂಬರ್ಥದಲ್ಲಿ ಆರೆಸ್ಸೆಸ್‌ನ ಮೋಹನ್ ಭಾಗವತ್ 2023ರ ಜನವರಿಯ ಸಂದರ್ಶನದಲ್ಲಿ ಹೇಳಿದ್ದು ಕೆಲಸಕ್ಕೆ ಬರುತ್ತದೆ. ಎರಡನೆಯ ಪ್ಯಾರಾದಲ್ಲಿ ಕಾನೂನಿನ ಸ್ಥಿತಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, 1860ರಲ್ಲಿ ಬ್ರಿಟಿಷರು ಬರೆದ ದಂಡ ಸಂಹಿತೆಯ 377ನೇ ಕಲಮನ್ನು, ವಯಸ್ಕರು ಪರಸ್ಪರ ಒಪ್ಪಿದ ಸಂಬಂಧಕ್ಕೆ ಅನ್ವಯಿಸದಂತೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಕುಗ್ಗಿಸಿತು. ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲವೇ ಇಲ್ಲ. ‘ಇದು ಪಾಶ್ಚಾತ್ಯರದ್ದು’ ಎಂಬ ಮಾತು ಬಂದೇ ಬರುತ್ತದೆ. ಪಾಶ್ಚಾತ್ಯರಿಂದ ಬಂದದ್ದು ಶಿಕ್ಷೆ ಎಂದಷ್ಟೇ ಹೇಳಿ ಕುಳಿತುಕೊಳ್ಳಿ. ಪುರಾಣಕ್ಕೆ ಇಳಿಯಬೇಡಿ. ನೀವೊಂದು ಶ್ಲೋಕ ಹೇಳಿದರೆ ಎದುರಿನವರ ಹತ್ತಿರ ಎರಡಿರುತ್ತವೆ.

ಮೂರನೆಯ ಪ್ಯಾರಾ ಬೇಡಿಕೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಎಲ್ಲವನ್ನೂ ಒಟ್ಟಿಗೆ ಕೇಳಿ, ಮದುವೆಯನ್ನೂ ಸೇರಿಸಿ, ಸಭೆಗೆ ಬೇಡವೆನ್ನಲು ಸುಲಭದ ಕಾರಣ ಕೊಡುತ್ತಾರೆ. ನೀವು ಹೊಸದೇನನ್ನೂ ಕೇಳಬೇಡಿ, ಆಗಲೇ ಹೊರಟಿರುವುದನ್ನು ಜಾರಿ ಮಾಡಿ ಎನ್ನಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2024ರ ಸೆಪ್ಟೆಂಬರ್ 1ರಂದು ಹೊರಡಿಸಿದ ಪ್ರಕಟಣೆಯಲ್ಲಿ ಇವೆಲ್ಲ ಇವೆ: ಪಡಿತರ ಚೀಟಿಗೆ ಸಲಿಂಗ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆಗೆ ಅಡ್ಡಿಯಿಲ್ಲ, ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿ ಪಾರ್ಥಿವ ಶರೀರವನ್ನು ಕೇಳಿ ಪಡೆಯಬಹುದು. ಪತ್ರಗಳು ರಾಜ್ಯಗಳಿಗೆ ಬಂದಿವೆ. ಇವುಗಳ ಕನ್ನಡ ಪ್ರತಿ ಬೆಂಗಳೂರಿನ ಪ್ರತಿ ಆಹಾರ ಇಲಾಖೆ ಕಚೇರಿಯಲ್ಲಿ, ಪ್ರತಿ ಆಸ್ಪತ್ರೆಯ ಶವಾಗಾರದ ಗೋಡೆಯಲ್ಲಿ ಅಂಟಿಸಿರಬೇಕು ಎಂಬುದೇ ನಿಮ್ಮ ನಿರ್ಣಯವಾಗಲಿ. ಇದನ್ನು ವಿರೋಧಿಸಲು ಎದ್ದವರು ಏನನ್ನು ವಿರೋಧಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಶವಾಗಾರದ ಮಾತನ್ನು ದಯವಿಟ್ಟು ಬಿಡಬೇಡಿ.

ಇನ್ನು ಕೆಡುವುದು ಎಲ್ಲೆಲ್ಲಿ? ಒಂದು, ವಾಟ್ಸ್ಆ್ಯಪ್. ಕರಡನ್ನು ಗುಂಪಿಗೆ ಹಾಕಿದ ಹತ್ತು ನಿಮಿಷಕ್ಕೆ ಅದರ ಸ್ಕ್ರೀನ್‌ಶಾಟ್ ಎದುರು ಪಕ್ಷದವರ ಕೈಯಲ್ಲಿರುತ್ತದೆ, ತಲೆಬರಹವನ್ನು ಅವರೇ ಕೊಟ್ಟಿರುತ್ತಾರೆ. ಕಾಗದದ ಪ್ರತಿ ಮಾತ್ರ ಕೊಡಿ, ಓದಿದ ಮೇಲೆ ವಾಪಸ್ ಇಸ್ಕೊಳ್ಳಿ. ಎರಡು, ಟಿಕೆಟ್ ಹಂಚುವ ಕಾಲ. ಆಗ ಆಕಾಂಕ್ಷಿಗಳು ನೆರಳಿಗೂ ಹೆದರುತ್ತಾರೆ. ಪ್ರಣಾಳಿಕೆ ಸಮಿತಿ ಸಲಹೆ ಕರೆಯುವ ಹೊತ್ತು ಒಳ್ಳೆಯದು. ಹತ್ತು ಸಹಿಯ ಒಂದು ಮನವಿ ಬೇಡ, ಹತ್ತು ಮನೆಯಿಂದ ಹತ್ತು ಬೇರೆ ಬೇರೆ ಪತ್ರ ಹೋಗಲಿ. ಅಲ್ಲಿ ಎಣಿಸುವುದು ಲಕೋಟೆಗಳನ್ನು. ಮೂರು, ‘ನಿಮಗೊಂದು ಪ್ರಕೋಷ್ಠ ಮಾಡಿಕೊಡ್ತೀವಿ’ ಎಂಬ ಆಮಿಷ. ಮಹಾರಾಷ್ಟ್ರದಲ್ಲಿ ಎನ್‌ಸಿಪಿ 2020ರ ಅಕ್ಟೋಬರ್‌ನಲ್ಲೇ ಇಂಥ ಘಟಕ ತೆರೆದಿತ್ತು. ಘಟಕ ಕೆಟ್ಟದ್ದಲ್ಲ. ಆದರೆ ಕಾರ್ಯಕಾರಿಣಿಯಲ್ಲಿ ಕುರ್ಚಿಯಿಲ್ಲದ ಘಟಕಕ್ಕೆ ಬೋರ್ಡು ಬರೆಸುವ ಖರ್ಚೂ ದಂಡ. ನಿರ್ಣಯ ಮೊದಲು, ಬೋರ್ಡು ಆಮೇಲೆ.

– ಹೆಸರು ಬೇಡ, ಮಲ್ಲೇಶ್ವರ

*

ಪದಗಳ ಬಗ್ಗೆ ಮಾತ್ರ ಬರೆದವರೂ ಇದ್ದಾರೆ. ಇದು ಸಣ್ಣ ವಿಷಯವೆಂದು ನಮಗೆ ಅನ್ನಿಸಲಿಲ್ಲ.

*

ನಿರ್ಣಯದಲ್ಲಿ ‘ಸಲಿಂಗಕಾಮ’ ಎಂದು ಬರೆಯಬೇಡಿ. ಕೊನೆಯ ಎರಡಕ್ಷರ ಕಿವಿಗೆ ಬಿದ್ದ ಮೇಲೆ ಮುಂದಿನ ವಾಕ್ಯವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ‘ಸಲಿಂಗಿ’, ‘ಸಲಿಂಗ ಸಂಗಾತಿ’ ಸಾಕು. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬುದು ಕಡತದ ಪದ. ಅದರಲ್ಲಿನ ‘ಅಲ್ಪಸಂಖ್ಯಾತ’ ನಿಮ್ಮ ಕಚೇರಿಯಲ್ಲಿ ಬೇರೊಂದು ಜಗಳ ತೆಗೆಯುತ್ತದೆ. ಲಿಂಗತ್ವದ ವಿಷಯವನ್ನೂ ಇದಕ್ಕೆ ಕಲಸಬೇಡಿ. ‘ಅವರಿಗೆ 2021ರಲ್ಲೇ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ಕೊಟ್ಟಾಯ್ತಲ್ಲ’ ಎಂದು ಅಧ್ಯಕ್ಷರು ಕಡತ ಮುಚ್ಚುತ್ತಾರೆ. ಅದು ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಸಿಕ್ಕಿದ್ದು, ನಿಮ್ಮ ಬೇಡಿಕೆ ಬೇರೆ.

– ನಿವೃತ್ತ ಕನ್ನಡ ಉಪನ್ಯಾಸಕಿ, ವಿಜಯನಗರ

*

ಜಯನಗರದ ವಕೀಲರು ಎನ್. ಕೇಳದ ಪ್ರಶ್ನೆಗೆ ಉತ್ತರಿಸಿದ್ದಾರೆ. ಕೇಳಬೇಕಿತ್ತು ಎಂದು ನಮಗೂ ಅನ್ನಿಸಿತು.

*

ಪಕ್ಷ ಯಾವಾಗಲೋ ನಿರ್ಣಯ ಮಾಡಲಿ. ನಾಳೆ ಬೆಳಿಗ್ಗೆ ನಿಮಗೊಂದು ಅಪಘಾತವಾದರೆ? ನಿಮ್ಮ ಸಂಗಾತಿ ಕಾನೂನಿನ ಕಣ್ಣಿಗೆ ಅಪರಿಚಿತ. ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಅವಿವಾಹಿತ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ ಆಸ್ತಿ ಮೊದಲು ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ. ಸಂಗಾತಿಗೆ ಚಮಚವೂ ಇಲ್ಲ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ನೀವು ಸಹಿ ಹಾಕಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಹಾಕಿದರೆ ಸಾಕು. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಬಂಧುಗಳ ತಕರಾರಿಗೆ ಅದೇ ಮೊದಲ ತಡೆ. ಸಂಗಾತಿಯನ್ನೇ ಸಾಕ್ಷಿ ಮಾಡಬೇಡಿ. ಬದುಕಿದ್ದಾಗಲೇ ದೊಡ್ಡ ಮೊತ್ತ ಕೊಡಲು ಹೋದರೆ ಆದಾಯ ತೆರಿಗೆಯವರ ಪ್ರಕಾರ ಆತ ‘ಸಂಬಂಧಿ’ ಅಲ್ಲ: ವರ್ಷಕ್ಕೆ 50,000 ರೂಪಾಯಿ ದಾಟಿದ ಉಡುಗೊರೆಗೆ ಪಡೆದವರು ತೆರಿಗೆ ಕಟ್ಟಬೇಕು. ಉಯಿಲಿನ ಮೂಲಕ ಬಂದದ್ದಕ್ಕೆ ಈ ತೊಂದರೆಯಿಲ್ಲ.

ಖಾತೆಗೆ ನಾಮಿನಿ ಮಾಡಿದ್ದೇನೆ, ಇನ್ನೇನು ಎಂದು ನಿಶ್ಚಿಂತರಾಗಬೇಡಿ. ನಾಮಿನಿ ಹಣ ಪಡೆದುಕೊಳ್ಳುವವನು, ಮಾಲೀಕನಲ್ಲ. ವಾರಸುದಾರರು ಆಮೇಲೆ ಕೇಳಬಹುದು. ನಾಮಿನಿಯೂ ಇರಲಿ, ಉಯಿಲೂ ಇರಲಿ, ಎರಡರಲ್ಲೂ ಹೆಸರು ಒಂದೇ ಕಾಗುಣಿತದಲ್ಲಿರಲಿ. ಇನಿಷಿಯಲ್ ಹಿಂದೆ ಮುಂದೆ ಆದ ಕಾರಣಕ್ಕೇ ಬ್ಯಾಂಕು ಅಲೆದಾಡಿಸುತ್ತದೆ.

ಆಸ್ಪತ್ರೆಗೆ ಎರಡು ಕಾಗದ. ಮಾನಸಿಕ ಆರೋಗ್ಯ ಕಾಯ್ದೆ, 2017ರ 14ನೇ ಕಲಮಿನಂತೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಯಾವ ವಯಸ್ಕರನ್ನೂ ನಾಮನಿರ್ದೇಶಿತ ಪ್ರತಿನಿಧಿ ಮಾಡಬಹುದು, ರಕ್ತಸಂಬಂಧ ಬೇಕಿಲ್ಲ. ಆದರೆ ಇದು ಮಾನಸಿಕ ಚಿಕಿತ್ಸೆಗೆ ಮಾತ್ರ, ಮೂಳೆ ಮುರಿದಾಗ ತೋರಿಸಿದರೆ ನಡೆಯದು. ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಗಡ ವೈದ್ಯಕೀಯ ನಿರ್ದೇಶನ ಬೇರೆ: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಳ ಮಾಡಿತು, ಮೊದಲಿನಂತೆ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ಮೂಲ ಪ್ರತಿಯನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರೆ ರಾತ್ರಿ ಎರಡು ಗಂಟೆಗೆ ಯಾರಿಗೂ ಸಿಗುವುದಿಲ್ಲ. ಸಂಗಾತಿಯ ಫೋನಿನಲ್ಲಿ ಅದರ ಫೋಟೊ ಇರಲಿ.

– ವಕೀಲರು, ಜಯನಗರ 4ನೇ ಬ್ಲಾಕ್

*

ಒಪ್ಪದವರ ದನಿಯೂ ಇರಬೇಕು. ಇವರ ಮರ್ಯಾದೆ ನಮಗೆ ಹಿಡಿಸಿತು, ಎನ್. ಅವರ ಸಮಿತಿಯಲ್ಲೂ ಇಂಥವರೊಬ್ಬರು ಇದ್ದಾರು.

*

ಸಲಿಂಗ ಮದುವೆಗೆ ನನ್ನ ಒಪ್ಪಿಗೆಯಿಲ್ಲ. ಅದು ಮೂಲಭೂತ ಹಕ್ಕಲ್ಲ ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ ಒಂದೇ ಮಾತಲ್ಲಿ ಹೇಳಿದ್ದಾರೆ. ಆದರೆ ಅದೇ ಪೀಠದ ಮುಂದೆ ಕೇಂದ್ರ ಸರ್ಕಾರ, ಇಂಥ ಜೋಡಿಗಳ ಹಕ್ಕು–ಸೌಲಭ್ಯ ನೋಡಲು ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡುತ್ತೇವೆ ಎಂದು ಮಾತು ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಸಮಿತಿ ಆಯಿತು. ಕೊಟ್ಟ ಮಾತು ನಡೆಸಿ ಎನ್ನುವ ನಿರ್ಣಯಕ್ಕೆ ನನ್ನಂಥವನೂ ಕೈ ಎತ್ತುತ್ತಾನೆ. ಸಲಿಂಗಿಗಳನ್ನು ‘ಸರಿಪಡಿಸುವ’ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ, ಅದನ್ನೂ ಸೇರಿಸಿ. ಇನ್ನು ಬ್ಯಾಂಕಿನ ಮಾತು: ಜಂಟಿ ಖಾತೆಯ ಅರ್ಜಿಯಲ್ಲಿ ‘ಸಂಬಂಧ’ದ ಕಾಲಂ ನೋಡಿ ಕೌಂಟರಿನ ಹುಡುಗ ಗೊಂದಲಕ್ಕೆ ಬೀಳುತ್ತಾನೆ. ಹಣಕಾಸು ಸೇವೆಗಳ ಇಲಾಖೆಯ 2024ರ ಆಗಸ್ಟ್ 28ರ ಸ್ಪಷ್ಟನೆಯ ಪ್ರತಿ ಹಿಡಿದು ನೇರ ಮ್ಯಾನೇಜರ್ ಹತ್ತಿರ ಹೋಗಿ, ‘ಈದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಒಬ್ಬರು ತೀರಿಕೊಂಡರೆ ಉಳಿದವರು ಹಣ ತೆಗೆಯಬಹುದು) ಎಂದೇ ಬರೆಸಿ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಯಲಹಂಕ

*

ಮಗಾ, ಪಕ್ಷಕ್ಕೆ ಹೇಳುವ ಮೊದಲು ಅಮ್ಮನಿಗೆ ಹೇಳು. ಪಕ್ಕದ ಮನೆಯವರ ಬಾಯಿಂದ ಕೇಳೋ ಹಾಗೆ ಮಾಡಬೇಡ.

– ಹನುಮಂತನಗರ

*

ಎನ್. ತಮ್ಮ ಶಾಸಕರನ್ನು ನೆಚ್ಚಿಕೊಂಡಿದ್ದೇನೆ ಎಂದು ಬರೆದಿದ್ದರು. ಆ ಬಗ್ಗೆ ಒಂದು ಎಚ್ಚರಿಕೆ.

*

ವಿದೇಶದ ಉದಾಹರಣೆ ಕೊಡುವವರು ಒಂದು ವ್ಯತ್ಯಾಸ ಮರೆಯುತ್ತಾರೆ. ಬ್ರಿಟನ್ನಿನಲ್ಲಿ ಸಲಿಂಗ ವಿವಾಹ ಮಸೂದೆ ತಂದದ್ದು ಕನ್ಸರ್ವೇಟಿವ್ ಪ್ರಧಾನಿ ಕ್ಯಾಮರಾನ್ ಅವರ ಸರ್ಕಾರ. 2013ರ ಫೆಬ್ರವರಿ 5ರ ಮತದಾನದಲ್ಲಿ ಅದು 400–175ರಲ್ಲಿ ಗೆದ್ದಿತು, ಆದರೆ ಅವರದೇ ಸಂಸದರಲ್ಲಿ ಪರವಾಗಿ ನಿಂತವರಿಗಿಂತ ವಿರುದ್ಧ ಹಾಕಿದವರೇ ಹೆಚ್ಚು. ಜರ್ಮನಿಯಲ್ಲಿ 2017ರ ಜೂನ್ 30ರಂದು 393–226. ಚಾನ್ಸಲರ್ ಮೆರ್ಕೆಲ್ ತಾವೇ ವಿರುದ್ಧ ಮತ ಹಾಕಿದರೂ ಸದಸ್ಯರನ್ನು ಆತ್ಮಸಾಕ್ಷಿಗೆ ಬಿಟ್ಟರು. ಎರಡೂ ಕಡೆ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಇರಲಿಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ವಿಪ್ ಮೀರಿದ ಶಾಸಕ ಕುರ್ಚಿ ಕಳೆದುಕೊಳ್ಳಬಹುದು. ಸಚಿವರಲ್ಲದ ಸದಸ್ಯರು ತರುವ ಖಾಸಗಿ ಮಸೂದೆಯ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ: ಸಂಸತ್ತಿನಲ್ಲಿ ಅಂಥದ್ದೊಂದು ಕೊನೆಯದಾಗಿ ಕಾನೂನಾದದ್ದು 1970ರಲ್ಲಿ. 377 ತಿದ್ದಲು ಶಶಿ ತರೂರ್ 2015ರ ಡಿಸೆಂಬರ್‌ನಲ್ಲಿ ತಂದ ಮಸೂದೆಗೆ ಮಂಡನೆಯ ಹಂತದಲ್ಲೇ 71–24ರ ಸೋಲಾಯಿತು. ಹಾಗಾಗಿ ಒಬ್ಬ ಒಳ್ಳೆಯ ಶಾಸಕನನ್ನು ಒಲಿಸುವ ಶ್ರಮವನ್ನು ಪಕ್ಷದ ಕಾಗದಕ್ಕೇ ಹಾಕಿ.

ನಿಮಗೆ ಹತ್ತಿರದ ಮಾದರಿ ಕೆನಡಾ. ಅಲ್ಲಿನ ಕನ್ಸರ್ವೇಟಿವ್ ಪಕ್ಷ 2016ರ ವ್ಯಾಂಕೂವರ್ ಅಧಿವೇಶನದಲ್ಲಿ, ಮದುವೆಯೆಂದರೆ ಗಂಡು–ಹೆಣ್ಣಿನದು ಎಂಬ ಸಾಲನ್ನು 1,036–462 ಮತಗಳಿಂದ ತನ್ನ ನೀತಿಪತ್ರದಿಂದ ತೆಗೆಯಿತು. ಹೊಸ ಸಾಲು ಸೇರಿಸಲಿಲ್ಲ, ಹಳೆಯದನ್ನು ಅಳಿಸಿದರು, ಅಷ್ಟೇ.

– ರಾಜ್ಯಶಾಸ್ತ್ರದ ವಿದ್ಯಾರ್ಥಿ, ಬನಶಂಕರಿ 3ನೇ ಹಂತ

*

ಬಿಟ್ಟು ಬನ್ನಿ. ಫೋಟೊಗೆ ಇಟ್ಟುಕೊಳ್ಳುತ್ತಾರೆ, ಪಟ್ಟಿಗೆ ಸೇರಿಸುವುದಿಲ್ಲ. ಬಿಡಲು ಮನಸ್ಸಿಲ್ಲವೇ, ಆರು ತಿಂಗಳ ಗಡುವು ಇಟ್ಟುಕೊಳ್ಳಿ: ನಡಾವಳಿಯಲ್ಲಿ ವಿಷಯ ದಾಖಲಾಯಿತೇ, ಮೇಲಿನ ಸಮಿತಿಗೆ ಪತ್ರ ಹೋಯಿತೇ, ಅಲ್ಲಿಂದ ಉತ್ತರ ಬಂತೇ? ಮೂರಕ್ಕೂ ಇಲ್ಲ ಎಂದಾದರೆ ನಮ್ಮ ಮೆರವಣಿಗೆಯಲ್ಲಿ ನಿಮಗೆ ಜಾಗವಿದೆ. ಇದ್ದಷ್ಟು ದಿನ ಒಂದು ಕೆಲಸ ಮಾಡಿ. 377 ಪೂರ್ತಿ ಹೋದ ಮೇಲೆ, ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅತ್ಯಾಚಾರವೆಂದು ದೂರು ಬರೆದುಕೊಳ್ಳಲು ಹೊಸ ನ್ಯಾಯ ಸಂಹಿತೆಯಲ್ಲಿ ಕಲಮೇ ಇಲ್ಲ. ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2023ರಲ್ಲೇ ಈ ಕೊರತೆಯನ್ನು ತೋರಿಸಿತ್ತು. ಕಾನೂನು ಸುವ್ಯವಸ್ಥೆ ಎಂದು ದಿನಾ ಭಾಷಣ ಮಾಡುವವರು ಇದಕ್ಕಾದರೂ ಎದ್ದು ನಿಲ್ಲಲಿ.

– ಹೋರಾಟಗಾರ್ತಿ, ಶಿವಾಜಿನಗರ

*

ಸಂಪಾದಕರಿಂದ: ಗಡುವಿನ ಮಾತನ್ನು ಎನ್. ಅವರೇ ತೂಗಿ ನೋಡಲಿ. ಬಸವನಗುಡಿಯದೇ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಅದೇ ಪಕ್ಷದ ಹಳೆಯ ಸದಸ್ಯರಂತೆ, ‘ಸೂಚಕರು ಬೇಕಿದ್ದರೆ ನಾನಿದ್ದೇನೆ’ ಎಂದು ಒಂದೇ ಸಾಲಿನ ಕಾರ್ಡು ಬರೆದಿದ್ದಾರೆ. ಕಾರ್ಡನ್ನು ಲಕೋಟೆಯಲ್ಲಿಟ್ಟು ಎನ್. ಅವರಿಗೆ ಕಳಿಸಿದ್ದೇವೆ.