ಗೇಟಿನ ಕೆಳಗೆ ಸಿಮ್ಯುಲೇಶನ್ ಸಿಡಿಯುತ್ತಿದೆ, ಯಾರಾದ್ರೂ ನೋಡಿ

ಸಿಂಧನೂರು_ಹುಡುಗ: ಎಡದಂಡೆ ನಾಲೆಯ ಗೇಟಿನಂಥದ್ದೊಂದನ್ನು ಓಪನ್‌ಫೋಮ್‌ನಲ್ಲಿ (ನೀರು, ಗಾಳಿಯ ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) ಮಾಡುತ್ತಿದ್ದೇನೆ. ಗೇಟಿನ ಹಿಂದೆ 2 ಮೀಟರ್ ನೀರು, ಎತ್ತಿರುವುದು 20 ಸೆಂ.ಮೀ. ಲೆಕ್ಕಕ್ಕೆ ಜಾಗವನ್ನು ಕತ್ತರಿಸಿದ ಚೌಕ, ಅಂದರೆ ಸೆಲ್ 1 ಸೆಂ.ಮೀ., ಒಂದೊಂದು ಲೆಕ್ಕದ ನಡುವಿನ ಟೈಮ್ ಸ್ಟೆಪ್ 0.005 ಸೆಕೆಂಡ್. ಅರ್ಧ ಸೆಕೆಂಡೂ ಓಡುವುದಿಲ್ಲ, ‘ಫ್ಲೋಟಿಂಗ್ ಪಾಯಿಂಟ್’ ಎಂಬ ಲೆಕ್ಕದ ದೋಷ ತೋರಿಸಿ ನಿಂತುಬಿಡುತ್ತದೆ. ಶುಕ್ರವಾರ ರಿವ್ಯೂ ಇದೆ.

ಕೊಪ್ಪಳ_ಮೆಕ್ಯಾನಿಕಲ್: ತಮ್ಮಾ, ಲೆಕ್ಕ ಹಾಕಿ ನೋಡು. 2 ಮೀಟರ್ ನೀರು ಒತ್ತಿದರೆ ಗೇಟಿನ ಕೆಳಗೆ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ನಿನ್ನ ಒಂದು ಸ್ಟೆಪ್‌ನಲ್ಲಿ ನೀರು ಮೂರು ಸೆಲ್ ಹಾರುತ್ತದೆ. ಕೋರಂಟ್ ನಂಬರ್ 3 ಆಯಿತು. 0.5ರೊಳಗೆ ಇರಬೇಕಾದರೆ ಸ್ಟೆಪ್ 0.0008. ತಾನೇ ಹೊಂದಿಸಿಕೊಳ್ಳುವ ಆಯ್ಕೆ ಆನ್ ಮಾಡು.

ಸಿಂಧನೂರು_ಹುಡುಗ: ಮಾಡಿದೆ ಅಣ್ಣಾ. ಈಗ ಸಿಡಿಯಲ್ಲ, ಆದರೆ ಸ್ಟೆಪ್ ಇಳಿದು ಇಳಿದು 0.000000001ಕ್ಕೆ ಬಂದು ಕೂತಿದೆ. ರಾತ್ರಿಯೆಲ್ಲ ಓಡಿದರೂ ನೀರು ಗೇಟು ದಾಟಿಲ್ಲ.

ಬಳ್ಳಾರಿ_ಬಿಸಿಲು: ಸುಮ್ನೆ ಅಪ್‌ವಿಂಡ್ ಸ್ಕೀಮ್ (ಹರಿವು ಬರುವ ಕಡೆಯ ಸೆಲ್‌ನ ಬೆಲೆಯನ್ನೇ ತೆಗೆದುಕೊಳ್ಳುವ ಲೆಕ್ಕ) ಹಾಕು ಮಾರಾಯ. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಹಾಗೇ ಪಾಸಾದರು.

ಕೊಪ್ಪಳ_ಮೆಕ್ಯಾನಿಕಲ್: ಪಾಸಾಗಬಹುದು, ನೀರು ಮಾತ್ರ ಬೆಲ್ಲದ ಪಾಕ ಆಗುತ್ತದೆ. ಅಪ್‌ವಿಂಡ್ ಸೇರಿಸುವ ಸುಳ್ಳು ಜಿಗುಟು ಹೆಚ್ಚುಕಡಿಮೆ ವೇಗ ಗುಣಿಸು ಸೆಲ್, ಅದರಲ್ಲಿ ಅರ್ಧ. ಇಲ್ಲಿ 0.03. ನೀರಿನದು 0.000001. 30,000 ಪಟ್ಟು!

ಬಳ್ಳಾರಿ_ಬಿಸಿಲು: ಸುಳಿಗಳ ಲೆಕ್ಕ ಹಿಡಿಯುವ ಟರ್ಬುಲೆನ್ಸ್ ಮಾಡೆಲ್ಲೂ ಜಿಗುಟು ಸೇರಿಸುತ್ತದಲ್ಲ? ಅದಕ್ಕೇಕೆ ಬೈಯಲ್ಲ?

ಕೊಪ್ಪಳ_ಮೆಕ್ಯಾನಿಕಲ್: ಒಪ್ಪಿದೆ, ನೀರಿನ ಜೊತೆ ನೇರ ಹೋಲಿಸಿದ್ದು ಸ್ವಲ್ಪ ಜಾಸ್ತಿಯಾಯಿತು. ಆದರೆ ಟರ್ಬುಲೆನ್ಸಿನದು ಸುಳಿ ಇರುವ ಕಡೆ ಬರುತ್ತದೆ. ಅಪ್‌ವಿಂಡಿನದು ಸೆಲ್ ದೊಡ್ಡದಾದಷ್ಟೂ ಹೆಚ್ಚುತ್ತದೆ.

ಮಾನ್ವಿ_ಅಕ್ಕ: ಜಗಳ ಆಮೇಲೆ. ಸ್ಟೆಪ್ ಅಷ್ಟು ಇಳಿದಿದೆ ಅಂದರೆ ಎಲ್ಲೋ ಒಂದು ಸೆಲ್‌ಗೆ ಹುಚ್ಚು ಹಿಡಿದಿದೆ. ಯಾವುದು? ಸೆಲ್‌ಗಳ ಆಕಾರ ಪರೀಕ್ಷಿಸುವ ಚೆಕ್‌ಮೆಶ್ ಏನನ್ನುತ್ತದೆ?

ಸಿಂಧನೂರು_ಹುಡುಗ: ಗೇಟಿನ ಕೆಳ ಅಂಚು ಅಕ್ಕಾ. ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ 900 ಮೀಟರ್ ತೋರಿಸುತ್ತಿದೆ. ನಾನ್-ಆರ್ಥಾಗನಾಲಿಟಿ, ಅಂದರೆ ಸೆಲ್‌ಗಳ ಓರೆತನ, 86 ಡಿಗ್ರಿ.

ಮಾನ್ವಿ_ಅಕ್ಕ: 70 ದಾಟಿದರೇ ಅದು ಗೊಣಗುತ್ತದೆ. ಗೇಟಿನ ಹಲಗೆ ಎಷ್ಟು ದಪ್ಪ?

ಸಿಂಧನೂರು_ಹುಡುಗ: 3 ಮಿ.ಮೀ.

ಮಾನ್ವಿ_ಅಕ್ಕ: 1 ಸೆಂ.ಮೀ. ಸೆಲ್ ಅದನ್ನು ಹೇಗೆ ಹಿಡಿಯುತ್ತದಪ್ಪಾ? ಅಂಚಿನ ಸುತ್ತ ಮಾತ್ರ ಮೂರು ಸಲ ಅರ್ಧ ಮಾಡು, 1.25 ಮಿ.ಮೀ. ಆಗುತ್ತದೆ.

ನಾಲೆ_ದಂಡೆ: ಅಪ್ಪ ಗ್ಯಾಂಗ್‌ಮನ್ ಆಗಿದ್ದರು. ಗೇಟು ಸ್ವಲ್ಪ ಎತ್ತಿದರೆ ನೀರು ಮೊದಲು ಗಾಜಿನಂತೆ ತೆಳ್ಳಗೆ ಓಡುತ್ತದೆ, ಮುಂದೆ ದಿಢೀರ್ ನೊರೆಯೆದ್ದು ಉಬ್ಬುತ್ತದೆ. ಅದು ಬಂತಾ?

ಕೊಪ್ಪಳ_ಮೆಕ್ಯಾನಿಕಲ್: ಸರಿಯಾದ ಪ್ರಶ್ನೆ. ಕೈಲೆಕ್ಕದಲ್ಲಿ ತೆಳ್ಳನೆಯ ಭಾಗ 12 ಸೆಂ.ಮೀ., ಉಬ್ಬಿದ್ದು ಸುಮಾರು 90.

ಸಿಂಧನೂರು_ಹುಡುಗ: ಅಪ್‌ವಿಂಡ್ ಹಾಕದೆಯೇ ಓಡಿತು, ಸ್ಟೆಪ್ 0.0001ರಲ್ಲಿ ನಿಂತಿದೆ! 12 ಬಂತು. ನೊರೆ ಮಾತ್ರ ಜಾರಿ ಹೊರಗೆ ಹೋಗುತ್ತಿದೆ.

ಮಾನ್ವಿ_ಅಕ್ಕ: ಕೆಳತುದಿಯಲ್ಲಿ ನೀರಿನ ಮಟ್ಟ ಕೊಟ್ಟಿಲ್ಲ ಅಲ್ವಾ?

ಸಿಂಧನೂರು_ಹುಡುಗ: ಇಲ್ಲ ಅಕ್ಕಾ. 90 ಇಟ್ಟು ಈಗ ಮತ್ತೆ ಬಿಟ್ಟಿದ್ದೇನೆ.