ರಸ್ತೆ ಸುರಕ್ಷತೆ: ಭಾಷಣ ಬಿಟ್ಟು ವಿದ್ಯಾರ್ಥಿಗಳಿಂದ ಏನು ಮಾಡಿಸಬಹುದು?

ಕೇಳಿದವರು, ಕಾಲೇಜು ಉಪನ್ಯಾಸಕಿ:
ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಈಗಷ್ಟೇ ಲೈಸೆನ್ಸ್ ಪಡೆದವರು, ಕೆಲವರು ಸೈಕಲ್ ತುಳಿದು ಬರುವವರು, ಉಳಿದವರು ನಡೆದು ಬರುವವರು. ಪ್ರತಿಜ್ಞೆ, ಭಿತ್ತಿಪತ್ರ, ಅತಿಥಿ ಭಾಷಣ ಎಲ್ಲವೂ ಮುಗಿದಿವೆ. ಯಾರೂ ಕಿವಿಗೆ ಹಾಕಿಕೊಂಡಂತಿಲ್ಲ. ನಿಮ್ಮ ಅನುಭವದಲ್ಲಿ ಫಲ ಕೊಟ್ಟದ್ದು ಏನಾದರೂ ಇದ್ದರೆ ತಿಳಿಸಿ.

ಭೌತವಿಜ್ಞಾನ ಶಿಕ್ಷಕ:
ಮೇಡಂ, ಒಂದು ಮೈದಾನ, ಸುಣ್ಣದ ಪುಡಿ, ಅಳತೆಯ ಟೇಪು ಸಾಕು. ಗಂಟೆಗೆ 30 ಕಿ.ಮೀ. ವೇಗದ ವಾಹನ ಎಲ್ಲಿ ನಿಲ್ಲುತ್ತದೆ, 60ರದ್ದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ, ಅವರವರ ಊಹೆಯ ಜಾಗದಲ್ಲಿ ಬ್ಯಾಗ್ ಇಡಿಸಿ. ಆಮೇಲೆ ಅಳೆಯಿರಿ. ಅಪಾಯ ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೂ ಮೊದಲನೆಯದು ಅಷ್ಟರಲ್ಲಿ 8 ಮೀಟರ್, ಎರಡನೆಯದು ಸುಮಾರು 17 ಮೀಟರ್ ಸಾಗಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕರಷ್ಟಾಗುತ್ತದೆ: ಒಣ ರಸ್ತೆಯಲ್ಲಿ ಸುಮಾರು 5 ಮೀಟರ್ ಇದ್ದದ್ದು 20 ಆಗುತ್ತದೆ. ಒಟ್ಟು ಲೆಕ್ಕದಲ್ಲಿ 13 ಮೀಟರ್ ಎಲ್ಲಿ, 37 ಮೀಟರ್ ಎಲ್ಲಿ! ಬಹುತೇಕ ಎಲ್ಲರೂ ಎರಡನೆಯ ಬ್ಯಾಗನ್ನು ತೀರಾ ಹತ್ತಿರ ಇಟ್ಟಿರುತ್ತಾರೆ. ಆಗ ಮೂಡುವ ಮೌನ ಯಾವ ಭಾಷಣಕ್ಕೂ ಸಿಗದು.

ಮೊಬೈಲ್ ವಿಷಯವನ್ನೂ ಅಲ್ಲೇ ಮುಗಿಸಿ. 60ರ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ 33 ಮೀಟರ್ ಕುರುಡಾಗಿ ಓಡಿದಂತೆ. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ನಡೆಯಲು ಹೇಳಿ. ಖಾಲಿ ಮೈದಾನದಲ್ಲೂ ಅರ್ಧಕ್ಕೇ ಕಣ್ಣು ತೆರೆಯುತ್ತಾರೆ.

ಚಾಲನಾ ತರಬೇತುದಾರ:
ಅಪಘಾತದ ರಕ್ತಸಿಕ್ತ ಚಿತ್ರಗಳನ್ನು ಮಾತ್ರ ತೋರಿಸಬೇಡಿ. 'ಅವನಿಗೆ ಓಡಿಸಲು ಬರುತ್ತಿರಲಿಲ್ಲ, ನನಗೆ ಬರುತ್ತದೆ' ಎಂದುಕೊಂಡೇ ಹುಡುಗರು ಎದ್ದುಹೋಗುತ್ತಾರೆ. ಕಾಲೇಜಿನಲ್ಲೇ ಚಾಲನೆ ಕಲಿಸಿಬಿಡೋಣ ಎಂಬ ಸಲಹೆ ಬಂದರೂ ಒಪ್ಪಬೇಡಿ. ಅದರಿಂದ ಬೇಗ ಲೈಸೆನ್ಸ್ ಸಿಗುತ್ತದೆಯೇ ಹೊರತು ಅಪಘಾತ ಕಡಿಮೆಯಾಗುವ ಭರವಸೆಯಿಲ್ಲ. ಇದನ್ನು ಹೇಳುವುದು ನನ್ನ ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಆದರೂ ನಿಜ.

ಹೊಸ ಚಾಲಕರಿಗೆ ನಿಜವಾದ ಗಂಡಾಂತರ ಎರಡು: ರಾತ್ರಿಯ ಹೊತ್ತು ಮತ್ತು ಕಾರಿನ ತುಂಬ ಸಮವಯಸ್ಕರು. ನ್ಯೂಜಿಲೆಂಡ್ 1987ರಲ್ಲಿ ಹಂತ ಹಂತದ ಲೈಸೆನ್ಸ್ ಪದ್ಧತಿ ತಂದಾಗ ಬಿಗಿಹಿಡಿದದ್ದು ಇವೆರಡನ್ನೇ. ಕಾನೂನು ಇರಲಿ ಬಿಡಲಿ, ಮೊದಲ ಕೆಲವು ತಿಂಗಳು ಹೆತ್ತವರು ಇದೇ ನಿಯಮವನ್ನು ಮನೆಯಲ್ಲಿ ಜಾರಿಗೆ ತರಬಹುದು.

ಪಕ್ಕದಲ್ಲಿ ಕುಳಿತವರಿಗೂ ತರಬೇತಿ ಬೇಕು. 'ನಿಧಾನ ಓಡಿಸು' ಎಂದರೆ ಹುಡುಗರ ಗುಂಪಿನಲ್ಲಿ ಮರ್ಯಾದೆ ಹೋಗುತ್ತದೆ. 'ಹೊಟ್ಟೆ ತೊಳಸುತ್ತಿದೆ, ವಾಂತಿ ಬರುವ ಹಾಗಿದೆ' ಎಂದು ಹೇಳಿಸಿ ನೋಡಿ. ಕಾರಿನ ಸೀಟು ಕೆಡುವ ಭಯಕ್ಕೆ ಎಂಥ ಶೂರನೂ ವೇಗ ಇಳಿಸುತ್ತಾನೆ. ಇಂಥ ಮಾತುಗಳನ್ನು ನಾಟಕದಂತೆ ಆಡಿಸಿ ಅಭ್ಯಾಸ ಮಾಡಿಸುತ್ತೇನೆ. ನಗುತ್ತಾರೆ, ಆದರೆ ನೆನಪಿಟ್ಟುಕೊಳ್ಳುತ್ತಾರೆ.

ನಿತ್ಯ ಸೈಕಲ್ ತುಳಿಯುವವರು:
ನಿಂತಿರುವ ಲಾರಿಯ ಚಾಲಕನ ಸೀಟಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ. ಉಳಿದವರು ಸೈಕಲ್ ಹಿಡಿದು ಸುತ್ತ ನಿಲ್ಲಲಿ. ಯಾರು ಯಾರು ಕಾಣುತ್ತಿಲ್ಲ ಎಂದು ಮೇಲಿನಿಂದ ಹೇಳಿಸಿ. ಮೂತಿಗೆ ತೀರಾ ಹತ್ತಿರ ನಿಂತವರು, ಬಾಗಿಲಿನ ಪಕ್ಕದವರು, ಬೆನ್ನ ಹಿಂದಿನವರು ಮಾಯವಾಗಿರುತ್ತಾರೆ. ತಿರುವಿನಲ್ಲಿ ಲಾರಿಯ ಒಳಬದಿಗೆ ಏಕೆ ನುಗ್ಗಬಾರದು ಎಂದು ಮತ್ತೆ ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತು. ಕತ್ತಲಲ್ಲಿ ಬೆಳಕು ಪ್ರತಿಫಲಿಸುವ ಪಟ್ಟಿಯನ್ನು ಬೆನ್ನಿಗೆ ಮಾತ್ರವಲ್ಲ, ಕಣಕಾಲಿಗೂ ಕಟ್ಟಿಸಿ. ಮೇಲೆ ಕೆಳಗೆ ಆಡುವ ಆ ಹೊಳಪು ಕಂಡರೆ ಅದು ಮನುಷ್ಯನ ಕಾಲು ಎಂದು ಚಾಲಕನಿಗೆ ದೂರದಿಂದಲೇ ಗೊತ್ತಾಗುತ್ತದೆ. ಹೆಲ್ಮೆಟ್‌ನ ಪಟ್ಟಿ ಬಿಗಿಯದೆ ಹಾಕುವವರ ಬಗ್ಗೆ ಏನು ಹೇಳಲಿ!

ಇಬ್ಬರು ಮಕ್ಕಳ ತಾಯಿ:
ನಡೆಯುವವರಿಗೆ 'ಜೋಪಾನ' ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಒಂದು ಕಾರು ನಿಂತು ದಾರಿ ಕೊಟ್ಟಾಗ ಅದರ ಮರೆಯಿಂದ ಪಕ್ಕದ ಸಾಲಿನ ವಾಹನ ನುಗ್ಗಿ ಬರಬಹುದು. ಅದನ್ನು ಇಣುಕಿ ನೋಡಲು ಖಂಡಿತ ಕಲಿಸಿ. ಜೊತೆಗೆ ವಿದ್ಯಾರ್ಥಿಗಳಿಂದಲೇ ಕಾಲೇಜಿನ ದಾರಿಯ ನಕ್ಷೆ ಬರೆಸಿ: ಎಲ್ಲಿ ಪಾದಚಾರಿ ಮಾರ್ಗ ತುಂಡಾಗಿದೆ, ಎಲ್ಲಿ ದೀಪವಿಲ್ಲ, ಎಲ್ಲಿ ದಾಟಲು ಜಾಗವೇ ಇಲ್ಲ. ಅದನ್ನು ರಸ್ತೆ ನೋಡಿಕೊಳ್ಳುವ ಕಚೇರಿಗೆ ಕೊಟ್ಟು, ಉತ್ತರ ಬರುವ ತನಕ ಬೆನ್ನು ಹತ್ತಲಿ. 1997ರಲ್ಲಿ ಸ್ವೀಡನ್ ಸಂಸತ್ತು ಒಪ್ಪಿಕೊಂಡ ನೀತಿಯ ತಿರುಳೂ ಇದೇ: ಮನುಷ್ಯ ತಪ್ಪುತ್ತಾನೆ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆಯನ್ನು ಕಟ್ಟಬೇಕು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೊದಲು ಸುಣ್ಣದ ಗೆರೆ, ನಂತರ ನಕ್ಷೆ ಎಂದು ತೀರ್ಮಾನಿಸಿದ್ದೇನೆ. ಲಾರಿ ಸಿಗದಿದ್ದರೆ ಕಾಲೇಜಿನ ಬಸ್ ಆದೀತೇ?

ನಿತ್ಯ ಸೈಕಲ್ ತುಳಿಯುವವರು:
ಧಾರಾಳವಾಗಿ ಆಗುತ್ತದೆ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕೀಲಿಯನ್ನು ನೀವೇ ಇಟ್ಟುಕೊಳ್ಳಿ. ಕನ್ನಡಿಗಳನ್ನು ಬಸ್ಸಿನ ಚಾಲಕರೇ ಸರಿಮಾಡಿ ಕೊಡಲಿ. ಇಲ್ಲವಾದರೆ 'ಕನ್ನಡಿ ಸರಿಯಿರಲಿಲ್ಲ, ಅದಕ್ಕೇ ಕಾಣಲಿಲ್ಲ' ಎಂದು ವಾದಕ್ಕೆ ನಿಲ್ಲುವವನು ಒಬ್ಬನಾದರೂ ಇರುತ್ತಾನೆ.